ಪೇತ್ರರ ಪೀಠ ಬರಿದಾಗಿದೆಯೇ?

(ಸಂತ ಪೇತ್ರರ ಪೀಠದ ಹಬ್ಬ, ಫೆಬ್ರವರಿ 22ರ ಪ್ರಬೋಧನೆ)



ಪ್ರತಿ ಬಲಿಪೂಜೆಯಲ್ಲೂ ಗುರುಗಳು ಜಗದ್ಗುರುಗಳ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. 2025ರ ಏಪ್ರಿಲ್ 21ರಂದು ಜಗದ್ಗುರು ಫ್ರಾನ್ಸಿಸ್ ದೈವಾಧೀನರಾದ ಮೇಲೆ, ಮೇ 8ರಂದು ಹದಿನಾಲ್ಕನೇ ಲಿಯೋ ಆಯ್ಕೆಯಾಗುವ ತನಕ ಆ ಜಾಗದಲ್ಲಿ ಹೆಸರಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದೆವೋ! ಆದರೆ ಅಮೆರಿಕ, ಫ್ರಾನ್ಸ್ ಮುಂತಾದ ದೇಶಗಳ ಕೆಲವು ಪ್ರಾರ್ಥನಾಲಯಗಳಲ್ಲಿ ಆ ಹೆಸರು ದಶಕಗಳಿಂದ ಕೇಳಿಬಂದಿಲ್ಲ. ಅಲ್ಲಿ ಸೇರುವವರನ್ನು ‘ಸೆಡೆವೇಕಾಂಟಿಸ್ಟರು’ ಎನ್ನುತ್ತಾರೆ. ಪೀಠ ಬರಿದಾಗಿದೆ ಎನ್ನುವವರು ಎಂದರ್ಥ.

1958ರ ಅಕ್ಟೋಬರ್ 9ರಂದು ಹನ್ನೆರಡನೇ ಪಯಸ್ ತೀರಿಕೊಂಡರು. ಅವರ ನಂತರ ನಿಜವಾದ ಜಗದ್ಗುರು ಬಂದೇ ಇಲ್ಲ ಎಂಬುದು ಇವರಲ್ಲಿ ಹೆಚ್ಚಿನವರ ವಾದ. ಎರಡನೇ ವ್ಯಾಟಿಕನ್ ಮಹಾಸಭೆಯ ಬೋಧನೆಯನ್ನೂ 1969ರ ಹೊಸ ಪೂಜಾವಿಧಿಯನ್ನೂ ಅವರು ಒಪ್ಪುವುದಿಲ್ಲ. ಇವರು ದೇವರನ್ನು ಬಿಟ್ಟವರಲ್ಲ. ಜಪಸರ ಹಿಡಿಯುವವರು, ಉಪವಾಸ ಮಾಡುವವರು. ಚಿಕ್ಕಂದಿನಿಂದ ಕಂಡ ಲತೀನ್ ಪೂಜೆ ಬದಲಾದಾಗ ಮನಸ್ಸು ನೊಂದವರೂ ಇವರಲ್ಲಿದ್ದರು. ಇವರನ್ನು ಕಂಡು ನಗುವುದು ನಮಗೆ ತರವಲ್ಲ.

ಹಾಗಾದರೆ ಮುಂದೆ ಬರುವ ಜಗದ್ಗುರುವನ್ನಾದರೂ ಇವರು ಸ್ವೀಕರಿಸುವುದು ಹೇಗೆ? ಇಲ್ಲಿ ಅವರಲ್ಲೇ ಒಮ್ಮತವಿಲ್ಲ. ಫ್ರಾನ್ಸಿನ ಡೊಮಿನಿಕನ್ ಗುರು ಗೆರಾರ್ ದೆ ಲೋರಿಯೆ ಒಂದು ದಾರಿ ಹೇಳಿದರು: ಆಯ್ಕೆಯಾದವರಿಗೆ ಪೀಠವಿದೆ, ಅಧಿಕಾರವಿಲ್ಲ, ತಪ್ಪನ್ನು ತ್ಯಜಿಸಿದ ದಿನ ಅಧಿಕಾರ ಬರುತ್ತದೆ. ಇನ್ನು ಕೆಲವರು ಕಾಯಲಿಲ್ಲ. 1990ರಲ್ಲಿ ಅಮೆರಿಕದ ಕನ್ಸಾಸ್‌ನಲ್ಲಿ ಆರು ಮಂದಿ ಸೇರಿ ತಮ್ಮಲ್ಲೇ ಒಬ್ಬ ಯುವಕನನ್ನು ‘ಪೋಪ್ ಮೈಕಲ್’ ಎಂದು ಆರಿಸಿದರು. ಮತ ಹಾಕಿದವರಲ್ಲಿ ಅವರ ತಂದೆತಾಯಿಯೂ ಇದ್ದರು!

1958ರ ಅಕ್ಟೋಬರ್ 28ರಂದು ಇಪ್ಪತ್ತಮೂರನೇ ಜಾನ್‌ರನ್ನು ಆರಿಸಿದವರು ಯಾರು? ಹನ್ನೆರಡನೇ ಪಯಸ್ ಮತ್ತು ಅವರಿಗಿಂತ ಹಿಂದಿನವರು ನೇಮಿಸಿದ ಕಾರ್ಡಿನಲ್‌ಗಳೇ. ಭಾರತದ ಮೊದಲ ಕಾರ್ಡಿನಲ್, ಮುಂಬಯಿಯ ವಲೇರಿಯನ್ ಗ್ರೇಷಿಯಸ್ ಕೂಡ ಅಲ್ಲಿದ್ದರು. ಆ ಕಾರ್ಡಿನಲ್‌ಗಳಲ್ಲಿ ಇಂದು ಒಬ್ಬರೂ ಉಳಿದಿಲ್ಲ. ನಂತರ ನೇಮಕವಾದವರೆಲ್ಲ ಸುಳ್ಳು ಎನ್ನುವುದಾದರೆ, ನಾಳೆಯ ಜಗದ್ಗುರುವನ್ನು ಆರಿಸುವವರಾರು? ಪೀಠವನ್ನು ಕಾಪಾಡಲು ಹೊರಟವರು ಪೀಠಕ್ಕೆ ಹೋಗುವ ಬಾಗಿಲನ್ನೇ ಮುಚ್ಚಿದಂತಾಯಿತು.

ಪೇತ್ರರು ತಪ್ಪೇ ಮಾಡಲಿಲ್ಲವೇ? ಮಾಡಿದರು. ಅಂತಿಯೋಕ್ಯದಲ್ಲಿ ಪೌಲರು ಎಲ್ಲರೆದುರೇ ಅವರನ್ನು ಖಂಡಿಸಿದರೆಂದು ಗಲಾತ್ಯರಿಗೆ ಬರೆದ ಪತ್ರದಲ್ಲಿದೆ. ಆದರೆ ‘ನೀನು ಪೇತ್ರನೇ ಅಲ್ಲ’ ಎಂದು ಪೌಲರು ಹೇಳಲಿಲ್ಲ. ಜಗದ್ಗುರುಗಳ ಯಾವುದೋ ನಿರ್ಧಾರ ನಮಗೂ ಹಿಡಿಸದಿರಬಹುದು. ಊಟದ ಹೊತ್ತಿನಲ್ಲಿ ಮನೆಯಲ್ಲಿ ಚರ್ಚೆಯೂ ಆಗಬಹುದು, ಆಗಲಿ. ಚರ್ಚೆ ಬೇರೆ, ಕುಟುಂಬ ಬಿಟ್ಟು ಹೋಗುವುದು ಬೇರೆ.

ಇದಕ್ಕಿಂತ ಘೋರ ಗೊಂದಲವನ್ನು ಧರ್ಮಸಭೆ 1378ರಿಂದ 1417ರವರೆಗೆ ಅನುಭವಿಸಿತು. ರೋಮಿನಲ್ಲೊಬ್ಬರು, ಅವಿನ್ಯೋನ್‌ನಲ್ಲೊಬ್ಬರು, ಕೊನೆಗೆ ಮೂರನೆಯವರೂ ಬಂದರು. ಸಿಯೆನ್ನಾದ ಸಂತ ಕ್ಯಾಥರಿನ್ ರೋಮಿನ ಪಕ್ಷ, ಸಂತ ವಿನ್ಸೆಂಟ್ ಫೆರರ್ ಅವಿನ್ಯೋನ್ ಪಕ್ಷ. ಇಬ್ಬರೂ ಸಂತರು! ವಿನ್ಸೆಂಟರು ಅವಿನ್ಯೋನ್‌ನ ಹದಿಮೂರನೇ ಬೆನೆಡಿಕ್ಟರಿಗೆ ಪಾಪನಿವೇದನೆ ಕೇಳುವ ಗುರುವೂ ಆಗಿದ್ದರು. ಐಕ್ಯಕ್ಕಾಗಿ ಪದವಿ ಬಿಡಲು ಬೆನೆಡಿಕ್ಟ್ ಒಪ್ಪದಿದ್ದಾಗ, 1416ರ ಜನವರಿಯಲ್ಲಿ ಪೆರ್ಪಿನ್ಯಾನ್ ಊರಿನಲ್ಲಿ ಆ ಹಳೆಯ ಸ್ನೇಹಿತನಿಗೆ ಇನ್ನು ವಿಧೇಯತೆಯಿಲ್ಲವೆಂದು ವಿನ್ಸೆಂಟರೇ ಜನರ ಮುಂದೆ ಸಾರಿದರು. ಮುಂದಿನ ಜಗದ್ಗುರು ಯಾರೆಂದು ಆಗ ಅವರಿಗೆ ಗೊತ್ತಿರಲಿಲ್ಲ. 1417ರಲ್ಲಿ ಐದನೇ ಮಾರ್ಟಿನ್ ಆಯ್ಕೆಯಾದಾಗ ಅವರನ್ನು ಸ್ವೀಕರಿಸಿದರು.

ಈಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಜಗದ್ಗುರು ಲಿಯೋರವರಿಗಾಗಿ ಬೇಡುವಾಗ, ದೂರವಾದ ಈ ಸೋದರ ಸೋದರಿಯರಿಗಾಗಿಯೂ ಒಂದು ಬಿನ್ನಹ ಸೇರಿಸೋಣ. ಆಮೆನ್.