ಗೊಂಬೆ ಹಬ್ಬದ ತೊಟ್ಟಿಮನೆ

ನವರಾತ್ರಿಯಲ್ಲಿ ಹಳೆಯ ಮೈಸೂರು ಪ್ರಾಂತದ ಮನೆಗಳಲ್ಲಿ ರಾಜ-ರಾಣಿಯರ ಜೋಡಿಯಾದ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸುವಾಗ, ಕೆಳಗೆ ನೆಲದ ಮೇಲೆ ಹಳ್ಳಿ, ಸಂತೆ, ಮದುವೆಮನೆಗಳ ಪುಟ್ಟ ದೃಶ್ಯಗಳನ್ನು ಜೋಡಿಸುವುದೂ ವಾಡಿಕೆಯಾಗಿದ್ದು, ಮನೆಯವರ ಸ್ವಂತ ಕೈಚಳಕ ಹೆಚ್ಚಾಗಿ ಕಾಣುವುದು ಈ ಕೆಳಗಿನ ಭಾಗದಲ್ಲಿಯೇ. ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ತೊಟ್ಟಿಮನೆಯೊಂದನ್ನು ಅಲ್ಲಿ ಕಟ್ಟಲು ಹೆಚ್ಚು ಖರ್ಚೇನೂ ಬೇಕಿಲ್ಲ: ಸಾಮಾನು ಬಂದ ರಟ್ಟಿನ ಪೆಟ್ಟಿಗೆಯ ಮೇಲ್ಪದರದ ಕಾಗದವನ್ನು ಸ್ವಲ್ಪ ನೀರು ಹಚ್ಚಿ ಮೆಲ್ಲನೆ ಸುಲಿದರೆ ಒಳಗಿನ ಏರಿಳಿತದ ಗೆರೆಗಳು ಹೊರಬೀಳುತ್ತವೆ, ಒಣಗಿದ ಮೇಲೆ ಅದಕ್ಕೆ ಕೆಮ್ಮಣ್ಣಿನ ಬಣ್ಣವಾದ ಜಾಜನ್ನು ಬಳಿದಾಗ ಹೆಂಚಿನ ಸಾಲುಗಳೇ ಮೂಡುತ್ತವೆ. ಬರೆದು ಮುಗಿದ ಪೆನ್ನಿನ ಕೊಳವೆಗಳು ಕಂಬಗಳಾಗುತ್ತವೆ, ಪೊರಕೆಯ ಕಡ್ಡಿಗಳು ಕಿಟಕಿಯ ಸರಳುಗಳಾಗುತ್ತವೆ. ಅಳತೆಯೊಂದನ್ನು ಮಾತ್ರ ಸಡಿಲಿಸಬಾರದು: ಗೊಂಬೆಮನೆಗಳಲ್ಲಿ ಬಳಕೆಯಲ್ಲಿರುವ 1:12ರ ಪ್ರಮಾಣದಲ್ಲಿ, ಅಂದರೆ ಒಂದು ಅಡಿಗೆ ಒಂದು ಅಂಗುಲದಂತೆ, 6 ಅಡಿಯ ಬಾಗಿಲು 6 ಅಂಗುಲವಾದರೆ 3 ಅಡಿಯ ತುಳಸಿಕಟ್ಟೆ 3 ಅಂಗುಲವೇ ಆಗಬೇಕು, ಅಂಗಡಿಯ ದುಬಾರಿ ಆಟಿಕೆಗಿಂತ ಈ ಹೊಂದಾಣಿಕೆಯೇ ದೃಶ್ಯಕ್ಕೆ ಜೀವ ತುಂಬುತ್ತದೆ. ಹಬ್ಬಕ್ಕೆ ಕೆಲವು ದಿನ ಮುಂಚೆ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ, ಗೊಂಬೆ ಕೂರಿಸುವ ಹೊತ್ತಿಗೆ ಮನೆಯ ಮುಂದಿನ ಹೊಲವೂ ಸಿದ್ಧವಾಗಿರುತ್ತದೆ.