ಅಟ್ಟದ ಮೇಲಿನ ಮಚ್ಚು, ಕುಡುಗೋಲು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಷೇರು, ಸಾಲ, ಠೇವಣಿ ಬಗ್ಗೆ ಬಲ್ಲವರು ಈಗಾಗಲೇ ಮಾತಾಡಿದ್ದಾರೆ. ನಾನು ಯಾವ ಲೆಕ್ಕಪತ್ರಕ್ಕೂ ಸೇರದ ಒಂದು ಆಸ್ತಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಅದು ನಮ್ಮ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿರುವ ಮಚ್ಚು, ಕುಡುಗೋಲು, ಈಳಿಗೆಮಣೆ.

ಹೊಸ ತಿಪ್ಪಸಂದ್ರದಲ್ಲಿ ಈಗ ರಾಗಿ ಕೊಯ್ಯುವ ಹೊಲ ಎಲ್ಲಿದೆ? ಬೇಸಾಯ ಬಿಡದವರು ಹೊಸಕೋಟೆ, ಮಾಲೂರು ಕಡೆ ಹೋಗಬೇಕು. ಮನೆ ಕೆಡವಿ ಹೊಸದು ಕಟ್ಟಿಸುವಾಗ ಹಳೇ ಕಬ್ಬಿಣವೆಲ್ಲಾ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ತಾತ ಮುತ್ತಾತಂದಿರು ಹಿಡಿದ ಮಚ್ಚೂ ಅದರ ಜೊತೆಗೇ ಹೋಗುತ್ತದೆ. ಇನ್ನೊಂದು ಕಷ್ಟ ಏನಪ್ಪಾ ಅಂದರೆ, ಪಟ್ಟಣದಲ್ಲಿ ಮಚ್ಚು ಅಂದರೆ ರೌಡಿಯ ನೆನಪು ಬರುತ್ತದೆ. 1995ರಲ್ಲಿ ಬಂದ ‘ಓಂ’ ಚಿತ್ರದಿಂದ ಮೊದಲುಗೊಂಡು ಎಷ್ಟೋ ಸಿನಿಮಾಗಳಲ್ಲಿ ನಮ್ಮ ಮಕ್ಕಳು ಮಚ್ಚನ್ನು ಕಂಡಿದ್ದು ಹೊಡೆದಾಟದಲ್ಲೇ ಹೊರತು ಬೇಲಿ ಸವರುವುದರಲ್ಲಿ ಅಲ್ಲ. ದುಡಿಯುವವನ ಉಪಕರಣಕ್ಕೆ ಈ ಕೆಟ್ಟ ಹೆಸರು ಸಲ್ಲದು.

ನಮ್ಮ ಸೀಮೆಯ ಕಬ್ಬಿಣದ ಕೆಲಸ ಸಾಮಾನ್ಯವಾದದ್ದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯಲ್ಲಿ ಕಬ್ಬಿಣ, ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂಗ್ಲಿಷರು ‘ವೂಟ್ಸ್’ ಎಂದು ಕರೆದ ಉಕ್ಕನ್ನು 1819ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಪರೀಕ್ಷೆ ಮಾಡಿದ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಹಾಗಂತ ಅಟ್ಟದ ಮೇಲಿರುವುದೆಲ್ಲಾ ಆ ಉಕ್ಕೇ ಎಂದು ತಿಳಿಯಬೇಡಿ. ಕಬ್ಬಿಣದ ಅಲಗಿಗೆ ಬಾಯಿಯಲ್ಲಿ ಮಾತ್ರ ಉಕ್ಕು ಕೂಡಿಸಿದ್ದುಂಟು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದೂ ಉಂಟು. ಎರಡೂ ಒಳ್ಳೆಯವೇ.

ಆಗ ಕಮ್ಮಾರ ಊರಿನ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಕುಡುಗೋಲು, ಗುಳ ತಟ್ಟಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಕಾಳು ಪಡೆಯುತ್ತಿದ್ದ. ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿನಲ್ಲಿ ಹದ ಹಾಕುವುದು ಕಣ್ಣಿನ ಅಂದಾಜಿನ ವಿದ್ಯೆ. ಬಣ್ಣ ನೋಡಿಯೇ ಕಾವು ತಿಳಿಯಬೇಕು. ಹದ ಹೆಚ್ಚಾದರೆ ಬಾಯಿ ಒಡೆಯುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ.

ಈಗ ಹಳೆಯದನ್ನು ಸರಿಮಾಡುವ ವಿಚಾರ. ಮೊದಲು ಸೀಮೆಎಣ್ಣೆ ಹಚ್ಚಿ ಒಂದು ದಿನ ಬಿಡಿ. ಆಮೇಲೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಸೋಪಿನಲ್ಲಿ ತೊಳೆದು, ಕೂಡಲೇ ಒರೆಸಿ. ಅಲಗಿನ ಕಪ್ಪು ಹೋಗಲೆಂದು ಪಳಪಳ ಹೊಳೆಯುವ ತನಕ ತಿಕ್ಕಬೇಡಿ. ಕೆಂಪು ತುಕ್ಕು ಹೋದರೆ ಸಾಕು. ಬಾಯಿಗೆ ಅರ ಹಾಕಿ ನೋಡಿ. ಅರ ಕಚ್ಚದೆ ಜಾರಿದರೆ ಹದ ಇನ್ನೂ ಗಟ್ಟಿಯಾಗಿದೆ ಎಂದರ್ಥ. ಕರೆಂಟ್ ಸಾಣೆಗೆ ಅವಸರದಲ್ಲಿ ಕೊಡಬೇಡಿ. ಕಾವೇರಿ ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಹದ ಹೋಯಿತು ಅಂತಲೇ ಲೆಕ್ಕ. ಸಾಣೆಕಲ್ಲಿಗೆ ನೀರು ಬಿಟ್ಟು ನಿಧಾನವಾಗಿ ಕೈಯಲ್ಲೇ ಮಸೆಯಿರಿ. ಹಿಡಿ ಅಲ್ಲಾಡಿದರೆ ಒಣಗಿದ ಜಾಲಿ ಮರದ ಹೊಸ ಹಿಡಿ ಹಾಕಿಸಿ. ಕೆಲಸ ಮುಗಿದ ಮೇಲೆ ಅಲಗಿಗೆ ತೆಳುವಾಗಿ ಎಣ್ಣೆ ಸವರಿ. ಅಡಿಗೆಮನೆಯದಾದರೆ ಕೊಬ್ಬರಿ ಎಣ್ಣೆಯೇ ಆಗಬಹುದು.

ಸರಿಮಾಡಿ ಗೋಡೆಗೆ ನೇತುಹಾಕಿದರೆ ಸಾಲದು, ಬಳಸಬೇಕು. ಕೊಡಗಿನವರನ್ನು ನೋಡಿ. ಪೀಚೆಕತ್ತಿ, ಒಡಿಕತ್ತಿ ಅವರಲ್ಲಿ ಇಂದಿಗೂ ಉಳಿದಿರುವುದು ಉಪಯೋಗದಲ್ಲಿ ಇರುವುದರಿಂದಲೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಇದೆ. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆ ದಿಂಡು ಕಡಿಯುವ ಶಾಸ್ತ್ರ ಇದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಬೇಸಾಯದ ಹಳೇ ಸಾಮಾನುಗಳನ್ನು ಜೋಪಾನ ಮಾಡಿದ್ದಾರೆ. ಅದು ದೊಡ್ಡ ಕೆಲಸ, ಮಕ್ಕಳಿಗೆ ಖಂಡಿತ ತೋರಿಸಿ. ಆದರೆ ಎಳನೀರು ಕೆತ್ತುವ, ತೆಂಗಿನ ಗರಿ ಸವರುವ ಮಚ್ಚು ನಮ್ಮ ಮನೆಯಲ್ಲೇ ಇರಲಿ.

ಕಾನೂನಿನ ಭಯ ಕೆಲವರಿಗಿದೆ. 1959ರ ಆಯುಧ ಕಾಯಿದೆಯಲ್ಲೇ ಕೇವಲ ಗೃಹಕೃತ್ಯಕ್ಕೆ, ಬೇಸಾಯಕ್ಕೆ ಎಂದು ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಹಾಗಂತ ಬರಿಗೈಯಲ್ಲಿ ಹಿಡಿದು ಪೇಟೆಯಲ್ಲಿ ತಿರುಗಬಾರದು. ಹೊಲಕ್ಕೆ ಒಯ್ಯುವಾಗ ಗೋಣಿತಾಟಿನಲ್ಲಿ ಸುತ್ತಿ ಕಟ್ಟಿ. ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ಹಾಗೆ ಇಡಿ. ಕತ್ತಿ, ಖಡ್ಗ ಸಂಗ್ರಹಿಸುವ ಹವ್ಯಾಸ ಬೇರೆ, ಅದಕ್ಕೆ ಲೈಸೆನ್ಸಿನ ನಿಯಮಗಳಿವೆ.

ಕೊನೆಯದಾಗಿ ಸಂಘಕ್ಕೆ ನನ್ನದೊಂದು ವಿನಂತಿ. ಪ್ರತಿವರ್ಷ ಆಯುಧಪೂಜೆಗೆ ಒಂದು ವಾರ ಮುಂಚೆ, ಒಂದು ಭಾನುವಾರ ಕುಲುಮೆ ಕೆಲಸ ಬಲ್ಲವರನ್ನು ಸಂಘದ ಅಂಗಳಕ್ಕೆ ಕರೆಸೋಣ. ಸದಸ್ಯರು ತಮ್ಮ ತಮ್ಮ ಮಚ್ಚು, ಕುಡುಗೋಲು ತರಲಿ. ಯಾರು ಮಾಡಿದ್ದು, ಯಾವ ಹೊಲದಲ್ಲಿ ದುಡಿದದ್ದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ಹಿರಿಯರು ಇರುವಾಗಲೇ ಇದು ಆಗಬೇಕು, ಆಮೇಲೆ ಕೇಳೋಣವೆಂದರೆ ಹೇಳುವವರು ಸಿಗುವುದಿಲ್ಲ. ಕಮ್ಮಾರರಿಗೆ ಚೌಕಾಸಿ ಮಾಡದೆ ಪೂರ್ತಿ ಕೂಲಿ ಕೊಡೋಣ. ಒಬ್ಬರಿಂದಾಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎಂಬುದೇ ಅಲ್ಲವೇ ಸಹಕಾರ? ಗುಜರಿಯವನು ಕೊಡುವ ಕಾಸು ನಾಲ್ಕು ದಿನಕ್ಕೂ ಬರುವುದಿಲ್ಲ. ಹದವಾದ ಮಚ್ಚು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

 ಜೈ ಸಹಕಾರ.