ನಾಲಿಗೆ ಮತ್ತು ಮಕ್ಕಳ ಮುಖ

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ದಂತ ತಪಾಸಣಾ ಶಿಬಿರದಲ್ಲಿ ದಂತವೈದ್ಯರು ಮಾಡಿದ ಭಾಷಣ)



ಹಾಲಿನ ಸಂಘದ ಹಬ್ಬದಲ್ಲಿ ನಾಲಿಗೆಯ ಮಾತೇಕೆ ಅಂತ ನೀವು ಕೇಳಬಹುದು. ಹಾಲು ಕುಡಿಯುವ ಕೂಸಿನಿಂದಲೇ ಶುರುಮಾಡುತ್ತೇನೆ.

ಎಳೆಗೂಸು ನುಂಗುವಾಗ ನಾಲಿಗೆಯನ್ನು ಎರಡು ಒಸಡುಗಳ ನಡುವೆ ಮುಂದಕ್ಕೆ ಚಾಚುತ್ತದೆ. ಅದು ತಪ್ಪಲ್ಲ, ಆ ವಯಸ್ಸಿಗೆ ಅದೇ ಸರಿ. ಹಲ್ಲು ಬಂದು ಅನ್ನ, ಮುದ್ದೆ ತಿನ್ನತೊಡಗಿದ ಮೇಲೆ ನುಂಗುವ ರೀತಿ ನಿಧಾನವಾಗಿ ಬದಲಾಗುತ್ತದೆ. ಈಗ ನೀವೇ ಒಮ್ಮೆ ಎಂಜಲು ನುಂಗಿ ನೋಡಿ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದಿರುವ ಉಬ್ಬಿಗೆ ತಾಗಿತಲ್ಲವೇ? ಅದೇ ಅದರ ಜಾಗ.

ಕೆಲವು ಮಕ್ಕಳಿಗೆ ಶಾಲೆಗೆ ಸೇರಿದ ಮೇಲೂ ನಾಲಿಗೆ ಹಲ್ಲುಗಳ ನಡುವೆಯೇ ಬರುತ್ತದೆ. ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ ಸಂದು ಉಳಿಯುತ್ತದೆ. ಆದರೆ ನುಂಗುವುದು ಕ್ಷಣದ ಕೆಲಸ. ಉಳಿದ ಹೊತ್ತೆಲ್ಲ ನಾಲಿಗೆ ಎಲ್ಲಿ ಒರಗಿರುತ್ತದೆ ಅನ್ನುವುದೇ ಹೆಚ್ಚು ಮುಖ್ಯ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ, ಕೆನ್ನೆ. ಇವುಗಳ ಹಗುರವಾದ, ಆದರೆ ಬಿಡದ ಒತ್ತಡದ ಮಹತ್ವವನ್ನು ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ವಿವರಿಸಿದರು.

ಮೂಗು ಕಟ್ಟಿದ ಮಗು ಬಾಯಿಂದ ಉಸಿರಾಡುತ್ತದೆ. ಬಾಯಿ ತೆರೆದಾಗ ನಾಲಿಗೆ ಕೆಳಗಿಳಿದು, ಅಂಗುಳಿಗೆ ಒಳಗಿನ ಆಸರೆ ತಪ್ಪುತ್ತದೆ. ವರ್ಷಗಟ್ಟಲೆ ಹೀಗಾದರೆ ಮೇಲಿನ ದವಡೆ ಕಿರಿದಾಗಿ, ಮುಖ ಉದ್ದವಾಗಬಹುದು. ವಂಶದಿಂದ ಬರುವುದೂ ಬಹಳ ಇದೆ, ಎಲ್ಲವನ್ನೂ ನಾಲಿಗೆಯ ತಲೆಗೆ ಕಟ್ಟಬಾರದು.

ನನ್ನ ತಂಗಿ ಚಿಕ್ಕವಳಿದ್ದಾಗ ಸದಾ ಬಾಯಿ ತೆರೆದಿರುತ್ತಿದ್ದಳು. "ಬಾಯಿ ಮುಚ್ಚೇ, ನೊಣ ಹೋಗುತ್ತೆ" ಅಂತ ಮನೆಯವರೆಲ್ಲ ಬೈದೆವು. ಅಪ್ಪ ಏಟೂ ಕೊಟ್ಟರು. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಗ್ರಂಥಿ ದಪ್ಪವಾಗಿ ಉಸಿರಿಗೆ ಅಡ್ಡ ಬಂದಿದೆ ಅಂತ ತಿಳಿದದ್ದು ಅವಳಿಗೆ ಹನ್ನೊಂದು ತುಂಬಿದ ಮೇಲೆ. ಮುಚ್ಚಲಾಗದ ಬಾಯಿಗಾಗಿ ಏಟು ತಿಂದಳಲ್ಲಾ ಎಂಬ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟೆ. ರಾತ್ರಿ ಮಗು ಮಲಗಿದಾಗ ಒಮ್ಮೆ ನೋಡಿ. ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ನಾಲ್ಕು ವರ್ಷ ದಾಟಿಯೂ ಬೆರಳು ಚೀಪುತ್ತಿದ್ದರೆ ಮೆಣಸಿನಪುಡಿ ಹಚ್ಚಬೇಡಿ, ಮುದ್ದಿನಿಂದ ಬಿಡಿಸಿ. ಶಾಶ್ವತ ಹಲ್ಲು ಹುಟ್ಟುವ ಆರೇಳು ವರ್ಷದೊಳಗೆ ಅಭ್ಯಾಸ ಬಿಟ್ಟರೆ ಎಷ್ಟೋ ಸಂದುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಗಿಡವನ್ನು ಬಗ್ಗಿಸಬೇಕಾದದ್ದು ಬಡಿಗೆಯಿಂದಲ್ಲ.